ಕಯಾಕ್ ಹತ್ತುವ ಮುನ್ನ ಒಂದು ಮಾತು ಕೇಳೋಣ



ಸಾಹಸ ಪ್ರವಾಸ ಎಂದರೆ ನಮಗೆ ನೆನಪಾಗುವುದು ಮನಾಲಿ, ಇಲ್ಲವೇ ವಿಡಿಯೋಗಳಲ್ಲಿ ಕಾಣುವ ಅಲಾಸ್ಕಾದ ಮೀನುಗಾರರ ಊರು. ನಮ್ಮದೇ ಕಾಸರಗೋಡು ಜಿಲ್ಲೆಯ ತೆಂಕು ತುದಿಯಲ್ಲಿ ವಲಿಯಪರಂಬ ಇದೆ. ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಕವ್ವಾಯಿ ಹಿನ್ನೀರು, ನಡುವೆ ಸುಮಾರು 24 ಕಿ.ಮೀ. ಉದ್ದದ ಮರಳಿನ ಪಟ್ಟಿ. ಈಸ್ಟರ್ ಕಳೆದ ವಾರ ನಮ್ಮ ಧರ್ಮಕೇಂದ್ರದ ಯುವಜನರು ಚೆರುವತ್ತೂರಿನಲ್ಲಿ ರೈಲಿಳಿದು ಅಲ್ಲಿಗೆ ಹೋದೆವು.

ಹಣ ಉಳಿಸಲೆಂದು ಜೊತೆಗೆ ಯಾರೂ ಬೇಡವೆಂದು ನಾವೇ ಕಯಾಕ್ ಹತ್ತಿದೆವು. ನೀರಿನ ನಡುವೆ ಬಿದಿರಿನ ಚಪ್ಪರಗಳ ಸಾಲು. ಅವುಗಳ ಮಧ್ಯೆ ನುಸುಳಿ ಯಾರು ಮೊದಲು ಆಚೆ ಸೇರುತ್ತಾರೆ ಎಂದು ಪಂದ್ಯ ಕಟ್ಟಿದೆವು. ಒಂದು ಕಯಾಕ್ ಬಡಿದು ಗಳ ಮುರಿಯಿತು, ಅದಕ್ಕೆ ಕಟ್ಟಿದ್ದ ಹಗ್ಗಗಳು ನೀರುಪಾಲಾದವು. ನಾವು ನಕ್ಕೆವು. ದಡದಿಂದ ಚೇಚಿಯೊಬ್ಬರು ಕೂಗಿಕೊಂಡಾಗಲೇ ನಗು ನಿಂತಿತು.

ಅವು ಕಲ್ಲುಮ್ಮಕ್ಕಾಯ, ಅಂದರೆ ನಮ್ಮ ಕಡೆಯ ಪಚ್ಚಿಲೆ, ಬೆಳೆಸುವ ಚಪ್ಪರಗಳು. 1990ರ ದಶಕದ ಕೊನೆಯಿಂದ ಇಲ್ಲಿನ ಹೆಂಗಸರ ಸ್ವಸಹಾಯ ಸಂಘಗಳು ಸಾಲ ಪಡೆದು ಈ ಕೃಷಿ ಮಾಡುತ್ತಿವೆ. ಮಳೆಗಾಲ ಕಳೆದು ಹಿನ್ನೀರು ಮತ್ತೆ ಉಪ್ಪಾದ ಮೇಲೆ, ಮರಿಗಳನ್ನು ಹಗ್ಗದ ಸುತ್ತ ಬಟ್ಟೆಯಲ್ಲಿ ಸುತ್ತಿ ನೀರಿಗೆ ಇಳಿಬಿಡುತ್ತಾರೆ. ಮುಂದಿನ ಮಳೆಗೆ ಮುನ್ನ ಕೀಳಲೇಬೇಕು. ಸಿಹಿನೀರು ನುಗ್ಗಿದರೆ ಪಚ್ಚಿಲೆ ಸಾಯುತ್ತದೆ. ನಾವು ಹೋದದ್ದು ಸರಿಯಾಗಿ ಕೊಯ್ಲಿನ ಹೊತ್ತಿಗೆ. ನಮಗೆ ಒಂದು ನಿಮಿಷದ ಮೋಜು, ಅವರಿಗೆ ತಿಂಗಳುಗಟ್ಟಲೆ ದುಡಿಮೆ.

ಕೈಯಲ್ಲಿದ್ದ ಹಣ ಒಟ್ಟುಮಾಡಿ ಕೊಟ್ಟೆವು. ಚೇಚಿ ಎಣಿಸಿ, ಹೋದದ್ದರ ಬೆಲೆಯಷ್ಟೇ ಇಟ್ಟುಕೊಂಡು ಉಳಿದದ್ದನ್ನು ಹಿಂದಿರುಗಿಸಿದರು. ಬೈಗುಳಕ್ಕಿಂತ ಅದೇ ನಮಗೆ ಹೆಚ್ಚು ನಾಟಿತು.

ಊರಿಗೆ ಬಂದ ಮೇಲೆ ಕೆಲವರು, "ಇಂಥ ಪ್ರವಾಸವೇ ಬೇಡ, ಬೇಕಲ ಕೋಟೆ ನೋಡಿ ಬಂದರೆ ಸಾಕು" ಎಂದರು. ಇನ್ನು ಕೆಲವರು, "ದುಡ್ಡು ಕೊಟ್ಟಾಯಿತಲ್ಲ, ಮತ್ತೇನು?" ಎಂದರು. ಎರಡನ್ನೂ ನಾವು ಒಪ್ಪುವುದಿಲ್ಲ. ಹೋಗದಿದ್ದರೆ, ತಟ್ಟೆಯಲ್ಲಿ ಪಚ್ಚಿಲೆ ಕಂಡರೆ ಬಾಯಿ ಚಪ್ಪರಿಸುವ ನಮಗೆ ಅದರ ಹಿಂದಿನ ಕಷ್ಟ ತಿಳಿಯುತ್ತಿರಲಿಲ್ಲ. ಇನ್ನು ದುಡ್ಡಿನಿಂದ ಗಳ ಬರುತ್ತದೆ, ಕಳೆದ ತಿಂಗಳುಗಳು ಬರುವುದಿಲ್ಲ.

ಯಕೋಬ, ಯೊವಾನ್ನರು ಬಲೆ ಸರಿಪಡಿಸುತ್ತಿದ್ದಾಗ ಯೇಸುಸ್ವಾಮಿ ಅವರನ್ನು ಕರೆದರು ಎಂದು ಎಷ್ಟು ಸಲ ಕೇಳಿದ್ದೇವೆ! ಅಂಥದೇ ಕೆಲಸ ಕಣ್ಣೆದುರು ಬಂದಾಗ ನಾವು ಅದನ್ನು ಆಟದ ಸಾಮಾನು ಎಂದುಕೊಂಡೆವು.

ಆದ್ದರಿಂದ ಮುಂದಿನ ಸಲ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳೋಣ, ಅವರಿಗೆ ಸರಿಯಾದ ಸಂಬಳ ಕೊಡೋಣ. ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಎಂದು ಮೊದಲೇ ಕೇಳೋಣ. ಇವತ್ತು ಕಡಲಿಗಿಳಿಯಬೇಡಿ ಎಂದರೆ ವಾದ ಬೇಡ. ಊಟವೂ ಅಲ್ಲಿಯ ಮನೆಯೊಂದರಲ್ಲೇ ಆಗಲಿ.

ಬರುವ ವರ್ಷ ಈಸ್ಟರ್ ಕಳೆದ ಮೇಲೆ, ಆ ಚೇಚಿ ಒಪ್ಪಿದರೆ, ಅರ್ಧ ದಿನ ಅವರ ಕೊಯ್ಲಿಗೆ ಕೈಜೋಡಿಸುವ ಆಸೆ ನಮ್ಮದು. ಕಯಾಕ್ ಆಮೇಲೆ. ಬರುವವರು ಭಾನುವಾರ ಪೂಜೆ ಮುಗಿದ ಮೇಲೆ ಹೆಸರು ಕೊಡಿ.