ಅರ್ಥವನ್ನರಸುವ ಚಿಕಿತ್ಸೆ

ನಿವೃತ್ತನಾದ ಮೇಲೆ ಮತ್ತೆ ವಿದ್ಯಾರ್ಥಿಯಾದೆ. ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕಲ್ (1905–1997) ರೂಪಿಸಿದ ಲೋಗೊಥೆರಪಿ, ಎಂದರೆ ಅರ್ಥಕೇಂದ್ರಿತ ಚಿಕಿತ್ಸೆಯನ್ನು ಪುಸ್ತಕಗಳಿಂದ ಕಲಿತೆ. ನಾಜಿ ಸೆರೆಶಿಬಿರಗಳಲ್ಲಿ ತಂದೆ, ತಾಯಿ, ಮಡದಿಯರನ್ನು ಕಳೆದುಕೊಂಡ ಆ ಮಹನೀಯರು ದುಡಿಮೆ, ಪ್ರೀತಿ, ಅನಿವಾರ್ಯ ನೋವನ್ನು ಎದುರಿಸುವ ಬಗೆ, ಈ ಮೂರರಲ್ಲಿ ಬಾಳಿಗೆ ಅರ್ಥ ದೊರೆಯುವುದೆಂದರು.

2006ರ ತಮಿಳು ಕಲಿಕೆಯ ಕಾಯಿದೆ ಬಂದಮೇಲೆ ನಮ್ಮ ಸೇಲಂ, ಧರ್ಮಪುರಿ ಸೀಮೆಯ ಮನೆಗಳಲ್ಲಿ ‘ಕನ್ನಡ ಕಲಿತು ಪ್ರಯೋಜನವೇನು?’ ಎಂಬ ಪ್ರಶ್ನೆ ಬಲವಾಯಿತು. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾದ ಹುಡುಗನೊಬ್ಬ ಮಾತು ಬಿಟ್ಟು ಕುಳಿತಿದ್ದ. ಉಪದೇಶ ನನ್ನ ಹಳೆಯ ಚಾಳಿ; ಅಂದು ಅದನ್ನು ನುಂಗಿಕೊಂಡು, “ನಿನಗಾಗಿ ಯಾರು ಕಾಯುತ್ತಾರೆ, ಮಗು?” ಎಂದೆ. ಬಹಳ ಹೊತ್ತಿನ ಮೇಲೆ, “ಅಜ್ಜಿಗೆ ಕಣ್ಣು ಕಾಣದು ಸಾರ್. ಸಂಜೆ ಭಾರತದ ಕಥೆ ಓದಿಹೇಳುವವನು ನಾನೊಬ್ಬನೇ” ಎಂದ. ಮರುಪರೀಕ್ಷೆಗೂ ಕುಳಿತ.

ಇದು ಸರ್ವರೋಗಕ್ಕೆ ಮದ್ದಲ್ಲ. ಖಿನ್ನತೆ ಗಾಢವಾಗಿದ್ದರೆ ವೈದ್ಯರ ಬಳಿಗೇ ಕಳುಹಿಸಬೇಕು. ತಪ್ಪಿಸಬಹುದಾದ ನೋವನ್ನು ಮೊದಲು ತಪ್ಪಿಸಬೇಕೆಂಬುದೂ ಫ್ರಾಂಕಲರ ಮತವೇ. ಆ ಹುಡುಗನ ಶಾಲೆಯಲ್ಲಿ ಎರಡು ವರ್ಷ ಕನ್ನಡದಲ್ಲಿ ಗಣಿತ ಹೇಳುವವರೇ ಇರಲಿಲ್ಲ. ಅಲ್ಲಿ ಅರ್ಥವನ್ನು ಅರಸುವುದಕ್ಕಿಂತ ಅಧ್ಯಾಪಕರನ್ನು ಕೇಳುವುದೇ ಸರಿ, ಅರ್ಜಿ ಬರೆದುಕೊಟ್ಟಿದ್ದೇನೆ.