ಎರಡು ಪಂಗಡ, ಒಂದೇ ನಿಷೇಧ

ಡಗ್ಲಸ್ ಸ್ಟುವರ್ಟ್ ಅವರ ‘ಯಂಗ್ ಮಂಗೊ’ (2022) ಕಾದಂಬರಿಯನ್ನು ‘ರೋಮಿಯೊ ಮತ್ತು ಜೂಲಿಯೆಟ್’ ನಾಟಕಕ್ಕೆ ಹೋಲಿಸುವುದು ರೂಢಿಯಾಗಿದೆ. 1990ರ ದಶಕದ ಆರಂಭದ ಗ್ಲಾಸ್ಗೊ ನಗರ. ಪ್ರೊಟೆಸ್ಟೆಂಟ್ ಮನೆಯ ಮಂಗೊ, ಕ್ಯಾಥೊಲಿಕ್ ಮನೆಯ ಜೇಮ್ಸ್. ಹಗೆಯ ನಡುವೆ ಮೊಳೆತ ಎಳೆಯರ ಪ್ರೇಮ. ಮೇಲ್ನೋಟಕ್ಕೆ ಹೋಲಿಕೆ ಸರಿ. ಆದರೆ ಅದು ಕೃತಿಯ ತಿರುಳನ್ನು ಮರೆಮಾಡುತ್ತದೆ. ಷೇಕ್ಸ್‌ಪಿಯರನ ಪ್ರೇಮಿಗಳಿಗೆ ಗುಟ್ಟಾಗಿ ಮದುವೆ ಮಾಡಿಸಲು ಒಬ್ಬ ಪಾದ್ರಿಯಾದರೂ ಇದ್ದ. ಇಲ್ಲಿ ಎರಡು ಚರ್ಚುಗಳಿದ್ದೂ ಹರಸುವವರಿಲ್ಲ. ಒಬ್ಬನು ಮತಾಂತರಗೊಂಡರೂ ಪ್ರೇಮದ ಮೇಲಿನ ನಿಷೇಧ ಕದಲುವುದಿಲ್ಲ.

ಪರಸ್ಪರ ಕಾದಾಡುವ ಪಂಗಡಗಳು ಈ ನಿಷೇಧದಲ್ಲಿ ಮಾತ್ರ ಒಮ್ಮತಕ್ಕೆ ಬರುತ್ತವೆ ಎಂಬುದೇ ಕಾದಂಬರಿಯ ಮುಖ್ಯ ಶೋಧ. ಚರಿತ್ರೆಯೂ ಇದಕ್ಕೆ ಪುಷ್ಟಿ ನೀಡುತ್ತದೆ. 1918ರ ಶಿಕ್ಷಣ ಕಾಯ್ದೆಯಿಂದ ಸ್ಕಾಟ್ಲೆಂಡಿನ ಕ್ಯಾಥೊಲಿಕ್ ಶಾಲೆಗಳು ಸರ್ಕಾರಿ ವ್ಯವಸ್ಥೆಗೆ ಸೇರಿದರೂ ಪ್ರತ್ಯೇಕವಾಗಿಯೇ ಉಳಿದವು. ವಯಸ್ಕ ಪುರುಷರ ಸಲಿಂಗಸಂಬಂಧವನ್ನು ಅಪರಾಧವಲ್ಲವೆಂದು ಕಾನೂನು ಒಪ್ಪಿದ್ದು 1980ರಲ್ಲಿ. ಎಂಟೇ ವರ್ಷಗಳಲ್ಲಿ, ಸ್ಥಳೀಯ ಸಂಸ್ಥೆಗಳು ಸಲಿಂಗಪ್ರೇಮಕ್ಕೆ ಪ್ರೋತ್ಸಾಹ ಕೊಡಕೂಡದೆಂಬ ಇನ್ನೊಂದು ಕಾನೂನು ಬಂದಿತು. ಸ್ಕಾಟ್ಲೆಂಡಿನಲ್ಲಿ ಅದು ರದ್ದಾದದ್ದು 2000ದಲ್ಲಿ. ಮಂಗೊ ಮತ್ತು ಜೇಮ್ಸ್ ಬೆಳೆದದ್ದು ಈ ನಡುವಿನ ಕಾಲದಲ್ಲಿ. ಶಾಲೆಗಳು ಬೇರೆ ಬೇರೆಯಾಗಿದ್ದವು. ಅವುಗಳ ಮೌನ ಒಂದೇ ಆಗಿತ್ತು.

ಮಂಗೊನ ಅಣ್ಣ ಹ್ಯಾಮಿಷ್ ಪ್ರೊಟೆಸ್ಟೆಂಟ್ ಹುಡುಗರ ಗುಂಪಿನ ನಾಯಕ. ಅವನ ಹಗೆಗೆ ದೈವಶಾಸ್ತ್ರದ ಹಂಗಿಲ್ಲ. ತಮ್ಮನನ್ನು ಬೀದಿಕಾಳಗಕ್ಕೆ ಎಳೆಯುವ ಅವನ ಉದ್ದೇಶ ಮತರಕ್ಷಣೆಯಷ್ಟೇ ಅಲ್ಲ, ತಮ್ಮನನ್ನು ‘ಗಂಡಸಾಗಿಸುವುದು’ ಕೂಡ. ತಾಯಿಯೂ ಅದೇ ನೆಪದಲ್ಲಿ ಮಗನನ್ನು ಅಪರಿಚಿತರಿಬ್ಬರೊಡನೆ ದೂರದ ಸರೋವರಕ್ಕೆ ಮೀನು ಹಿಡಿಯಲು ಕಳುಹಿಸುತ್ತಾಳೆ. ಅಲ್ಲಿ ಅವನಿಗೆ ಕಾದಿರುವುದು ಘೋರ ಹಿಂಸೆ. ಪಂಗಡದ ಎಲ್ಲೆ ಕಾಯುವ ಗಂಡಸುತನವೇ ಪ್ರೇಮದ ಎಲ್ಲೆಯನ್ನೂ ಕಾಯುತ್ತದೆ. ಆದ್ದರಿಂದ ಮತಭೇದವನ್ನು ಒಂದು ಅಡ್ಡಿ, ಸಲಿಂಗಪ್ರೇಮವನ್ನು ಇನ್ನೊಂದು ಎಂದು ಬಿಡಿಸಿ ಓದುವ ಕ್ರಮ ಈ ಕೃತಿಗೆ ನ್ಯಾಯ ಒದಗಿಸದು.

ನಾಯಕನ ಹೆಸರಿನಲ್ಲೂ ಈ ವಿಮರ್ಶೆ ಅಡಗಿದೆ. ಮಂಗೊ ಗ್ಲಾಸ್ಗೊದ ಪೋಷಕ ಸಂತ, ಆರನೆಯ ಶತಮಾನದವನು. ಸ್ಕಾಟ್ಲೆಂಡಿನ ಚರ್ಚು ಒಡೆದದ್ದು 1560ರಲ್ಲಿ. ಸತ್ತ ಪುಟ್ಟ ಹಕ್ಕಿಗೆ ಅವನು ಜೀವ ಕೊಟ್ಟನೆಂಬ ಐತಿಹ್ಯವಿದೆ. ಕಾದಂಬರಿಯಲ್ಲಿ ಹಕ್ಕಿಗಳನ್ನು ಸಾಕುವವನು ಕ್ಯಾಥೊಲಿಕ್ ಜೇಮ್ಸ್. ಅವನ ಪಾರಿವಾಳದ ಗೂಡೇ ಇಬ್ಬರಿಗೂ ಆಸರೆ. ಒಡಕಿಗೆ ಮುಂಚಿನ ಸಂತನ ಹೆಸರನ್ನು ಹೊತ್ತ ಹುಡುಗನಿಗೆ ಆ ಸಂತನ ನಗರದಲ್ಲಿಯೇ ನೆಲೆಯಿಲ್ಲ. ಪ್ರೇಮವನ್ನು ‘ನಿಷಿದ್ಧ’ವೆಂದು ಕರೆದು ಮುಂದೆ ಸಾಗುವ ವಿಮರ್ಶೆ, ನಿಷೇಧಿಸಿದವರು ಯಾರು, ಅದರಿಂದ ಅವರು ಕಾಪಾಡಿಕೊಂಡದ್ದೇನು ಎಂದೂ ಕೇಳಬೇಕು.