ಎಲ್ಲರೂ ನಿರ್ದೇಶಕರಾದರೆ ಬೂಮ್ ಹಿಡಿಯುವವರು ಯಾರು?

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ 'ಲಾ ಸಿನೆಫ್'ನಲ್ಲಿ ಮೊದಲ ಬಹುಮಾನ ಪಡೆದದ್ದು ಕನ್ನಡದ ಒಂದು ಕಿರುಚಿತ್ರ. ಅಜ್ಜಿಯೊಬ್ಬಳು ಹುಂಜ ಕದ್ದದ್ದರಿಂದ ಊರಿಗೆ ಬೆಳಕೇ ಹರಿಯದಂತಾಗುವ ಜನಪದ ಕಥೆ. ನಮ್ಮ ಪತ್ರಿಕೆಗಳು ನಿರ್ದೇಶಕ ಚಿದಾನಂದ ಎಸ್. ನಾಯಕ್ ಅವರನ್ನು ಕೊಂಡಾಡಿದವು. ಕೊಂಡಾಡಬೇಕಾದದ್ದೇ. ಆದರೆ ಛಾಯಾಗ್ರಾಹಕ ಸೂರಜ್ ಠಾಕೂರ್, ಸಂಕಲನಕಾರ ಮನೋಜ್ ವಿ., ಧ್ವನಿ ಹೊತ್ತ ಅಭಿಷೇಕ್ ಕದಂ ಇವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಗೆ, ನಾಲ್ಕು ಬೇರೆ ಬೇರೆ ವಿದ್ಯೆ ಕಲಿತ ನಾಲ್ವರು ಕೂಡಿ ಮಾಡಿದ ಚಿತ್ರ ಅದು. ಚಿತ್ರೀಕರಣಕ್ಕೆ ಸಿಕ್ಕಿದ್ದು ನಾಲ್ಕೇ ದಿನ.

ಇನ್ನು ನಮ್ಮ ಕಾಲೇಜುಗಳ ಕಿರುಚಿತ್ರ ಸ್ಪರ್ಧೆಗಳ ಪೋಸ್ಟರ್ ನೋಡಿ. ಕಥೆ, ಚಿತ್ರಕಥೆ, ಸಂಭಾಷಣೆ, ಸಂಕಲನ, ನಿರ್ದೇಶನ: ಎಲ್ಲಕ್ಕೂ ಒಂದೇ ಹೆಸರು. ಉಳಿದ ಹತ್ತು ಹುಡುಗರು ಕೊನೆಯಲ್ಲಿ 'ಸಹಕಾರ' ಎಂಬ ಸಾಲಿನಡಿ ಸಣ್ಣ ಅಕ್ಷರದಲ್ಲಿ. ಬಹುಮಾನಗಳೂ ಹಾಗೆಯೇ: ಉತ್ತಮ ಚಿತ್ರ, ಉತ್ತಮ ನಿರ್ದೇಶಕ, ಉತ್ತಮ ನಟ. ಧ್ವನಿಗೆ ಒಂದು ಪ್ರಮಾಣಪತ್ರವೂ ಇಲ್ಲ. ಹೀಗಿರುವಾಗ ಬಿಸಿಲಲ್ಲಿ ಮೂರು ತಾಸು ಬೂಮ್ ಕೋಲು ಎತ್ತಿ ನಿಲ್ಲುವುದಕ್ಕೆ ಯಾವ ಹುಡುಗ ಮನಸ್ಸು ಮಾಡಿಯಾನು? ಮಾತಿನ ನಡುವೆ ಆಟೋ ಸದ್ದು, ಪಕ್ಕದ ಮನೆಯ ಮಿಕ್ಸಿ ಸದ್ದು. ಅದನ್ನು ಮುಚ್ಚಲು ಮೊದಲಿನಿಂದ ಕೊನೆಯವರೆಗೆ ಪಿಟೀಲು.

ಇದಕ್ಕೆ ಹಣದ ಕೊರತೆಯನ್ನು ದೂರುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯೋಜನೆಗೆ ಬೇಕಾದದ್ದು ಕಾಗದ ಮತ್ತು ಪೆನ್ಸಿಲ್. ಯಾವ ದೃಶ್ಯಕ್ಕೆ ಯಾರು, ಯಾವ ಜಾಗ, ಹಗಲೋ ಇರುಳೋ, ಯಾವ ಬಟ್ಟೆ, ಯಾವ ಸಾಮಾನು ಎಂದು ಚಿತ್ರಕಥೆಯನ್ನು ಬಿಡಿಸಿ ಬರೆದರೆ 2, 9, 14ನೇ ದೃಶ್ಯಗಳು ಒಂದೇ ಅಡುಗೆಮನೆಯವು ಎಂದು ಕಾಣುತ್ತದೆ. ಮೂರನ್ನೂ ಒಂದೇ ದಿನ ತೆಗೆಯಬಹುದು. ಆಗ ಇನ್ನೊಂದು ತಲೆನೋವು: 9ರಲ್ಲಿ ತಾಯಿಯ ಕೈಗೆ ಕಟ್ಟಿದ ಬಟ್ಟೆ 2ರಲ್ಲಿ ಇರಕೂಡದು. ಇದನ್ನು ಶಾಟ್‌ನಿಂದ ಶಾಟ್‌ಗೆ ಬರೆದಿಡುವವರಿಗೆ ಕಂಟಿನ್ಯೂಟಿ ಎನ್ನುತ್ತಾರೆ. ಅಕ್ಷರ ಚೆನ್ನಾಗಿದೆ ಎಂದು ಈ ಕೆಲಸವನ್ನು ತಂಡದ ಹುಡುಗಿಗೆ ಒಪ್ಪಿಸಿ, ಅವಳು 'ಬಟ್ಟೆ ತಪ್ಪಿದೆ' ಎಂದಾಗ 'ಯಾರು ಗಮನಿಸ್ತಾರೆ, ಬಿಡು' ಎಂದು ಬಾಯಿ ಮುಚ್ಚಿಸುವುದನ್ನು ಬೇಕಾದಷ್ಟು ಕಂಡಿದ್ದೇವೆ. ಮುಂದೆ ಚಿತ್ರ ನೋಡುವವರೆಲ್ಲ ಗಮನಿಸುತ್ತಾರೆ.

'ಸತ್ಯಜಿತ್ ರಾಯ್ ಎಲ್ಲವನ್ನೂ ತಾವೇ ಮಾಡುತ್ತಿರಲಿಲ್ಲವೇ?' ಎಂಬುದು ಮತ್ತೊಂದು ವಾದ. 1955ರ 'ಪಥೇರ್ ಪಾಂಚಾಲಿ'ಯ ಕ್ಯಾಮೆರಾ ಸುಬ್ರತ ಮಿತ್ರರದು, ಕಲೆ ಬನ್ಸಿ ಚಂದ್ರಗುಪ್ತರದು, ಸಂಕಲನ ದುಲಾಲ್ ದತ್ತರದು, ಸಂಗೀತ ರವಿಶಂಕರರದು. ದೂರ ಯಾಕೆ? 1940ರ ದಶಕದಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ವಿದ್ಯೆ ಕಲಿತ ಮೈಸೂರಿನ ವಿ.ಕೆ. ಮೂರ್ತಿ ಅವರಿಲ್ಲದೆ ಗುರುದತ್ತರ 'ಕಾಗಜ್ ಕೆ ಫೂಲ್'ನ ಆ ಬೆಳಕಿನ ಕೋಲು ಎಲ್ಲಿತ್ತು? 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರೇ ಆಗಿದ್ದರು. ನಮ್ಮ ಮಾಧ್ಯಮ ವಿಭಾಗದ ಹುಡುಗರು ಗುರುದತ್ತ ಎಂದರೆ ತಲೆದೂಗುತ್ತಾರೆ, ಮೂರ್ತಿ ಎಂದರೆ ಮುಖ ನೋಡುತ್ತಾರೆ.

ಚಿತ್ರ ಕೆಟ್ಟರೆ ಕೆಡಲಿ, ಜೀವ? 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಇಬ್ಬರು ಕಲಾವಿದರು ಮುಳುಗಿ ಸತ್ತರು. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ವೃತ್ತಿಪರರ ಗತಿಯೇ ಇದಾದರೆ, ರೈಲು ಹಳಿಯ ಮೇಲೆ, ಕಟ್ಟಡದ ಅಂಚಿನಲ್ಲಿ, ಬೈಕಿನ ಹಿಂದೆ ಕ್ಯಾಮೆರಾ ಹಿಡಿದು ಕೂರುವ ಹತ್ತೊಂಬತ್ತರ ಹುಡುಗರ ಪಾಡೇನು? ಅನುಮತಿ ಪಡೆದವರು ಯಾರು, ಹತ್ತಿರದ ಆಸ್ಪತ್ರೆ ಯಾವುದು, 'ಇದು ಬೇಡ, ನಿಲ್ಲಿಸಿ' ಎನ್ನುವ ಅಧಿಕಾರ ಯಾರದು? ಇವನ್ನು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರ ಕೈಗೂ ಕೊಡುವವನು ಪ್ರೊಡಕ್ಷನ್ ಮ್ಯಾನೇಜರ್. ನಮ್ಮ ತಂಡಗಳಲ್ಲಿ ಅವನು ಚಹಾ ತರುವವನು.

ಬದಲಾವಣೆ ಕಷ್ಟವಲ್ಲ. ಮೂರು ಚಿತ್ರ ಮಾಡುವ ತಂಡದಲ್ಲಿ ಒಬ್ಬ ವಿದ್ಯಾರ್ಥಿ ಒಂದಕ್ಕೆ ಮಾತ್ರ ನಿರ್ದೇಶಕನಾಗಲಿ, ಇನ್ನೊಂದಕ್ಕೆ ಧ್ವನಿ ಹಿಡಿಯಲಿ, ಮತ್ತೊಂದಕ್ಕೆ ಲೆಕ್ಕ ಬರೆಯಲಿ. ಅಂಕವನ್ನು ಆ ಮೂರಕ್ಕೂ ಸಮನಾಗಿ ಹಂಚಲಿ. ಸ್ಪರ್ಧೆ ನಡೆಸುವವರು ಚಿತ್ರದ ಜೊತೆಗೆ ದೃಶ್ಯಗಳ ಪಟ್ಟಿ, ದಿನದ ಹಾಳೆ, ಖರ್ಚಿನ ಲೆಕ್ಕ ಮೂರನ್ನೂ ಕೇಳಲಿ. ಕೊಡದ ತಂಡದ ಅರ್ಜಿಯನ್ನು ವಾಪಸು ಕಳಿಸಲಿ.